ಅರವತ್ತಾರು ಕಿಲೋ ಮತ್ತು ಮೂರು ತಿಂಗಳ ಗಡುವು

“ಜೂನ್ ಒಂಬತ್ತು, ಸೋಮವಾರ. ತೂಕ 66 ಕಿಲೋ. ಸೊಂಟ 37 ಇಂಚು. ಮೂರು ತಿಂಗಳ ಸರಾಸರಿ ಸಕ್ಕರೆ 6.2. ಡಾಕ್ಟರು ಗುಳಿಗೆ ಬರೆಯುತ್ತೇನೆ ಎಂದರು. ನಾನು ಬೇಡ ಎಂದೆ.”

ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ ಇರುವುದು ಇಷ್ಟೇ. ಮದುವೆಯಾಗಿ ಶಹಾಪುರಕ್ಕೆ ಬಂದ ದಿನದಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಹಲ್ಲು ಬಂದ ದಿನ, ಉಪ್ಪಿನಕಾಯಿಗೆ ಬೂಷ್ಟು ಹಿಡಿದ ದಿನ, ಬೀಗರು ಹೇಳದೆ ಕೇಳದೆ ಬಂದ ದಿನ, ಎಲ್ಲಕ್ಕೂ ನನ್ನಲ್ಲಿ ದಾಖಲೆ ಇದೆ. ನಮ್ಮ ಮನೆತನದ ಹೆಣ್ಣುಮಕ್ಕಳಲ್ಲಿ ಬಿ.ಎ. ಮುಗಿಸಿದವಳು ನಾನೇ ಮೊದಲು. ಓದಿದ್ದು ಸುಮ್ಮನೆ ಹೋಗಬಾರದಲ್ಲ.

ಅವತ್ತು ಯಾದಗಿರಿಯ ಡಾಕ್ಟರು ಹೇಳಿದ್ದು ಹೀಗೆ: “ಅಮ್ಮಾರ, ನೀವು ಭಾಳ ದಪ್ಪ ಇಲ್ಲ. ಸ್ವಲ್ಪ ಹೆಚ್ಚದೀರಿ, ಅಷ್ಟ. ಆದ್ರ ಸಕ್ಕರಿ ಬಾಗಲದಾಗ ಬಂದು ನಿಂತದ.”

“ಒಳಗ ಕರಿಯಂಗಿಲ್ಲ ಬಿಡ್ರಿ” ಎಂದೆ.

“ಅದು ಕರೀಲಿಲ್ಲಂದ್ರೂ ಬರ್ತದ್ರಿ. ಮೂರು ತಿಂಗಳು ಟೈಮ್ ಕೊಡ್ತೀನಿ. ಇಳೀಲಿಲ್ಲಂದ್ರ ಗುಳಿಗಿ ಚಾಲೂ.”

ನಮ್ಮ ಅತ್ತೆಯವರು ಸಕ್ಕರೆಯ ಗುಳಿಗೆ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡೇ ಇಪ್ಪತ್ತು ವರ್ಷ ಬಾಳಿದರು. ನಮ್ಮ ಮನೆಯವರ ಡಬ್ಬಿ ಅಡುಗೆಮನೆಯ ಗೋಡೆಯ ಗೂಡಿನಲ್ಲಿದೆ, ಹೊತ್ತು ಹೊತ್ತಿಗೆ ನಾನೇ ತೆಗೆದು ಕೊಡಬೇಕು. ಅದರ ಪಕ್ಕದಲ್ಲಿ ನನ್ನ ಹೆಸರಿನದೊಂದು ಡಬ್ಬಿ ಬಂದು ಕೂರುವುದನ್ನು ನಾನು ನೋಡಲು ಸಿದ್ಧಳಿರಲಿಲ್ಲ. ಮೂರು ತಿಂಗಳು ಸಾಕು ಎಂದುಕೊಂಡೆ. ಆದರೆ ಯಾವುದನ್ನಾದರೂ ಕಟ್ಟುನಿಟ್ಟಾಗಿ ಮಾಡುತ್ತೇನೆ ಎಂದು ಹೊರಟವರನ್ನೇ ಹುಡುಕಿಕೊಂಡು ಫಜೀತಿಗಳು ಬರುತ್ತವೆ ಎಂದು ಕಾಣುತ್ತದೆ. ಆ ಮೂರು ತಿಂಗಳ ಪುಟಗಳಲ್ಲಿ ಒಂದು ವಾರವೂ ಖಾಲಿ ಹೋಗಿಲ್ಲ.

ಅಂಗಡಿಯ ತಕ್ಕಡಿ

ನಮ್ಮ ಮನೆಯವರದು ಅಡತ್ ಅಂಗಡಿ. ರೈತರು ತಂದ ತೊಗರಿಯನ್ನು ತೂಗಿ ಮಾರಿಸಿಕೊಡುವ ವ್ಯಾಪಾರ. ಅಲ್ಲಿ ಚೀಲ ಇಟ್ಟು ತೂಗುವ ದೊಡ್ಡ ತಕ್ಕಡಿಯಿದೆ. ನಮ್ಮದೇ ತಕ್ಕಡಿ ಇದ್ದಾಗ ಬೇರೆ ಯಂತ್ರ ಯಾಕೆ ಎಂದು, ಒಂದು ವಾರ ನಡಿಗೆ ಮುಗಿಸಿ ಶನಿವಾರ ಅದರ ಮೇಲೆ ಹತ್ತಿ ನಿಂತೆ. ಅಂಗಡಿಯಲ್ಲಿ ಮೂವತ್ತು ವರ್ಷದಿಂದ ತೂಕ ಮಾಡುವವನು ಅಂಕಿ ನೋಡಿ, ಇಡೀ ಬಜಾರಿಗೆ ಕೇಳುವಂತೆ ಕೂಗಿದ: “ಅರವತ್ತನಾಕು!”

ಒಂದೇ ವಾರದಲ್ಲಿ ಎರಡು ಕಿಲೋ! ಮನೆಗೆ ಬಂದು ದಿನಚರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಆ ಖುಷಿಗೆ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದೆ. ತುಪ್ಪ ಹಾಕಿಕೊಂಡು ನಾನೂ ಮೂರು ತಿಂದೆ.

ಮುಂದಿನ ಶನಿವಾರ ಕನ್ನಡಕ ಹಾಕಿಕೊಂಡು ಹೋಗಿದ್ದೆ. ತಕ್ಕಡಿಯ ಮೇಲಿಂದ ಬಗ್ಗಿ ನೋಡಿದರೆ ಕೆಂಪು ಅಂಕಿ ಅರವತ್ತೇಳು. ಅವನು ಕೂಗಿದ್ದು “ಅರವತ್ತೈದು!”

“ಅಲ್ಲಿ ಅರವತ್ತೇಳು ಅದ. ನೀ ಅರವತ್ತೈದು ಅಂತೀಯಲ್ಲೋ?”

“ಹೌದ್ರಿ ಅಕ್ಕಾರ. ಚೀಲಕ್ಕೊಂದು ಕಿಲೋ, ಕಸಕ್ಕೊಂದು ಕಿಲೋ ತಗದ ಹೇಳೋದು. ಮೂವತ್ತು ವರ್ಷದ ರೂಢಿ, ಬಾಯಿ ತಾನ ಹೇಳಿಬಿಡ್ತದ.”

“ನಾ ಏನು ತೊಗರಿ ಚೀಲ ಏನೋ?”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನಸ್ಸು ನೋಯಿಸಬಾರದೆಂದು ಮೆತ್ತಗೆ ಹೇಳಿದ: “ಹಂಗಲ್ರಿ. ನಿಮ್ಮ ಮಾಲಿನಾಗ ಕಸ ಇಲ್ಲ, ಅದು ಖರೇ. ಬರೋ ವಾರದಿಂದ ಒಂದ ಕಿಲೋ ತಗೀತೀನಿ.”

ದಿನಕ್ಕೆ ನಾಲ್ಕು ಕಪ್

ಎರಡು ವಾರ ತಪ್ಪದೆ ನಡೆದರೂ ತೂಕ ಏರಿದ್ದು ಹೇಗೆ? ಓದಿದವಳು ಪುರಾವೆ ಹುಡುಕಬೇಕು. ದಿನಚರಿ ತೆಗೆದು ಎಣಿಸಿದೆ. ಎಲ್ಲ ಅಲ್ಲೇ ಇತ್ತು.

ನಮ್ಮ ಓಣಿಯಲ್ಲಿ ಬೆಳಗ್ಗೆ ಆರಕ್ಕೆ ಎಲ್ಲರೂ ಕಟ್ಟೆಯ ಮೇಲೆ. ಹಾದು ಹೋಗುವವರನ್ನು ಹಾಗೇ ಬಿಟ್ಟರೆ ಕಟ್ಟೆಗೇ ಅವಮಾನ. “ಬರ್ರಿ, ಚಹಾ ಕುಡದು ಹೋಗ್ರಿ” ಎಂದಾಗ ಬೇಡ ಎನ್ನುವಂತಿಲ್ಲ. ಒಂದು ಮನೆಯಲ್ಲಿ ಕುಡಿದು ಇನ್ನೊಂದು ಮನೆಯಲ್ಲಿ ಬಿಟ್ಟರೆ ಅದು ಜಗಳ. ಹೀಗೆ ದಿನಕ್ಕೆ ನಾಲ್ಕು ಕಪ್ ಚಹಾ. ಗುರುವಾರ ಅದರ ಜೊತೆ ಮಂಡಕ್ಕಿ ಸುಸಲಾ, ಶುಕ್ರವಾರ ಎರಡು ಮಿರ್ಚಿ ಭಜಿ. ನಾನು ನಡೆದದ್ದು ನಲವತ್ತು ನಿಮಿಷ, ಕೂತದ್ದು ಒಂದೂವರೆ ಗಂಟೆ.

“ನನಗ ಸಕ್ಕರಿ ಬ್ಯಾಡ್ರಿ” ಎಂದು ಒಂದು ದಿನ ಧೈರ್ಯ ಮಾಡಿ ಹೇಳಿದೆ.

ಎದುರುಮನೆಯಾಕೆಯ ಮುಖ ಕೆಂಪಾಯಿತು. “ಯಾಕ್ರಿ, ನಮ್ಮ ಮನ್ಯಾಗ ಸಕ್ಕರಿಗಿ ಬರ ಬಂದದ ಅಂದ್ಕೊಂಡೀರೇನು?” ಎಂದು ಇನ್ನೊಂದು ಚಮಚ ಹೆಚ್ಚಿಗೆ ಹಾಕಿದಳು.

ಓಣಿಯ ಸಹವಾಸವೇ ಬೇಡವೆಂದು ಮರುದಿನ ಊರು ಬಿಟ್ಟು ಸಗರದ ರಸ್ತೆ ಹಿಡಿದೆ. ಎರಡೂ ಕಡೆ ಹೊಲ, ಒಂದು ಕಟ್ಟೆಯೂ ಇಲ್ಲ, ಒಂದು ಕಪ್ಪೂ ಇಲ್ಲ. ಕೈ ಬೀಸಿಕೊಂಡು ಅರ್ಧ ಮೈಲಿ ನಡೆದಿರಬೇಕು, ಹಿಂದಿನಿಂದ ಕೂಗು ಕೇಳಿತು. ತಿರುಗಿದರೆ ಎದುರುಮನೆಯಾಕೆ, ಏದುಸಿರು ಬಿಡುತ್ತ ಓಡಿ ಬರುತ್ತಿದ್ದಾಳೆ. ಒಂದು ಕೈಯಲ್ಲಿ ಥರ್ಮಾಸು, ಇನ್ನೊಂದರಲ್ಲಿ ಎರಡು ಲೋಟ.

“ಏನ್ ಲಗೂ ನಡೀತೀರ್ರಿ! ಆರಿ ಹೋಗ್ತದ, ತಗೋರಿ.”

ಆ ತಿಂಗಳು ಓಣಿಯಲ್ಲಿ ತೂಕ ಇಳಿದದ್ದು ಆಕೆಯದೊಂದೇ.

ಬೇಗ ಬೇಯುವ ಬೇಳೆ

ಮೊದಲ ತಿಂಗಳು ಹೀಗೆ ಹೋಯಿತು. ನಮ್ಮ ಹಿಂದಿನ ಮನೆಯಲ್ಲಿ ನಿವೃತ್ತ ಪಿ.ಟಿ. ಮಾಸ್ತರರಿದ್ದಾರೆ. ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಮಕ್ಕಳಿಗೆ ಕಸರತ್ತು ಮಾಡಿಸಿದವರು. ದಿನಚರಿ ತೆಗೆದುಕೊಂಡು ಅವರಲ್ಲಿಗೆ ಹೋದೆ. ಪುಟ ತಿರುವಿ ನೋಡಿದರು.

“ಬರೇ ನಡದ್ರ ಅರ್ಧ ಕೆಲಸ ಆತ್ರಿ ಅಕ್ಕಾರ. ನಡಿಗಿ ಗುಂಡಿಗಿಗೆ, ಉಸಿರಿಗೆ. ಆದ್ರ ಊಟದಾಗಿನ ಸಕ್ಕರಿ ಖರ್ಚಾಗಬೇಕಂದ್ರ ತೊಡಿ, ತೋಳು ದುಡೀಬೇಕು. ವಾರದಾಗ ನಾಕು ದಿನ ನಡೀರಿ, ಎರಡು ದಿನ ಭಾರ ಎತ್ರಿ, ಐತ್ವಾರ ಸುಮ್ನ ಕುಂದರ್ರಿ. ನಡಿಯಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಅಷ್ಟು ಜೋರು ಇರಬೇಕು.”

“ನನಗ ಕುಂತ್ರೂ ಹಾಡಾಕ ಬರಂಗಿಲ್ರಿ ಮಾಸ್ತರ.”

“ಹಂಗಾದ್ರ ಮಾತಾಡಾಕ ಬರ್ತದಲ್ಲ, ಸಾಕು” ಎಂದರು. ಭಾರ ಎತ್ತುವಾಗ ಬೆನ್ನು ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು ಎಂದು ಕುರ್ಚಿ ಇಟ್ಟು ಕೂತು ಏಳಿಸಿ ಕಲಿಸಿದರು.

ಭಾರಕ್ಕೆ ಎರಡು ಬಟ್ಟೆ ಚೀಲ ಹೊಲಿದು, ಒಂದೊಂದರಲ್ಲಿ ಐದು ಕಿಲೋ ತೊಗರಿ ಬೇಳೆ ತುಂಬಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಮೊದಲ ವಾರ ಎಂಟು ಸಲ ಎತ್ತಿ ಚೀಲ ಕೆಳಗಿಟ್ಟೆ. ಎರಡನೇ ವಾರ ಹದಿನಾಲ್ಕು. ಮೂರನೇ ವಾರ ಇಪ್ಪತ್ತಾರು! “ಭಾರವೇ ಅನಿಸುತ್ತಿಲ್ಲ. ದೇವರು ಕೊಟ್ಟ ಶಕ್ತಿ” ಎಂದು ಆ ದಿನ ಬರೆದಿದ್ದೇನೆ. ಮಾಸ್ತರರನ್ನು ಕರೆದು ಎತ್ತಿ ತೋರಿಸಿದೆ. ಅವರು ಒಂದು ಕಡೆಯಿಂದ ನೋಡಿದರು, ಇನ್ನೊಂದು ಕಡೆಯಿಂದ ನೋಡಿದರು.

“ಅಕ್ಕಾರ, ಎಡಕ್ಕ ಯಾಕ ವಾಲಾಕತ್ತೀರಿ?”

ಚೀಲಗಳನ್ನು ತೂಗಿದೆವು. ಎಡಗೈಯದು ಐದು ಕಿಲೋ ಇತ್ತು. ಬಲಗೈಯದು ಒಂದೂವರೆ.

ಸೊಸೆಯನ್ನು ಕರೆದೆ. ಅವಳು ಒಂದಿಷ್ಟೂ ಅಳುಕಲಿಲ್ಲ. “ಹೌದ್ರಿ ಅತ್ತಿ, ದಿನಾ ಅದರಾಗಿಂದ ತಗೀತೀನಿ. ಡಬ್ಬ್ಯಾಗಿನ ಬ್ಯಾಳಿಗಿಂತ, ನೀವು ಎತ್ತಿ ಕುಲುಕ್ಯಾಡಿದ್ದು ಲಗೂ ಬೇಯ್ತದ್ರಿ.”

ಅಂದಿನಿಂದ ಚೀಲಕ್ಕೆ ಮರಳು ತುಂಬಿದೆ.

ಭಾವನವರು ಬಂದಾಗ

ಮಳೆ ಹಿಡಿಯಿತು. ನಮ್ಮ ಕಡೆಯ ಕರಿಮಣ್ಣಿನಲ್ಲಿ ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಶೂವಿಗೆ ಎರಡೆರಡು ಕಿಲೋ ಮೆತ್ತಿಕೊಳ್ಳುತ್ತದೆ. ನಡಿಗೆ ನಿಲ್ಲಬಾರದೆಂದು ಬಸ್ ಸ್ಟ್ಯಾಂಡ್ ಕಡೆಯ ಜಿಮ್ಮಿಗೆ ಹೋದೆ. ಹತ್ತರಿಂದ ಹನ್ನೆರಡರವರೆಗೆ ಹೆಂಗಸರ ವೇಳೆ. ಕಲಿಸುವಾಕೆ ಹುಣಸಗಿಯವಳು, ಎರಡು ಮಕ್ಕಳ ತಾಯಿ, ಗಟ್ಟಿಗಿತ್ತಿ.

“ಯಾರನ್ನ ಬಿಡಾಕ ಬಂದೀರಿ ಅಮ್ಮಾರ?” ಎಂದಳು.

“ನನ್ನನ್ನ” ಎಂದೆ.

ಸೀರೆಯ ಮೇಲೇ ಶೂ ಹಾಕಿ, ಓಡುವ ಪಟ್ಟಿಯ ಯಂತ್ರದ ಮೇಲೆ ಹತ್ತಿಸಿದಳು. ಹತ್ತು ಹನ್ನೆರಡು ನಿಮಿಷಕ್ಕೆ ನಾನು ಸುಸ್ತಾಗಿ ನಿಲ್ಲಿಸು ಎನ್ನುತ್ತಿದ್ದೆ. ಇದು ಎರಡು ವಾರ ನಡೆಯಿತು.

ಆ ಕಟ್ಟಡ ನಮ್ಮ ಭಾವನವರದು, ಅಂದರೆ ನಮ್ಮ ಮನೆಯವರ ಅಣ್ಣನದು. ಮದುವೆಯಾದಂದಿನಿಂದ ಅವರ ಎದುರು ತಲೆಯ ಮೇಲೆ ಸೆರಗಿಲ್ಲದೆ ನಿಂತವಳಲ್ಲ ನಾನು. ಒಂದು ದಿನ ಮಾಳಿಗೆ ಸೋರುತ್ತದೆಂದು ನೋಡಲು, ವೇಳೆ ಗೊತ್ತಿಲ್ಲದೆ ಅವರು ಒಳಗೆ ಬಂದೇಬಿಟ್ಟರು. ನಾನು ಯಂತ್ರದ ಮೇಲೆ! ಇಳಿಯೋಣವೆಂದರೆ ಪಟ್ಟಿ ಓಡುತ್ತಿದೆ. ಗಬಕ್ಕನೆ ಸೆರಗು ಮುಖದವರೆಗೆ ಎಳೆದುಕೊಂಡೆ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಈಗ ಕಾಣುವುದೂ ಇಲ್ಲ.

ಭಾವನವರು ಮರ್ಯಾದಸ್ಥರು. ತಕ್ಷಣ ಗೋಡೆಯ ಕಡೆ ಮುಖ ಮಾಡಿ ನಿಂತರು. ಸುಮ್ಮನೆ ಹೋದರೆ ತಪ್ಪು ತಿಳಿದೀತೆಂದು ಗೋಡೆಯನ್ನೇ ಮಾತಾಡಿಸಿದರು.

“ಆರಾಮ ಅದೀಯೇನವ್ವಾ?”

“ಆರಾಮ… ಅದೀನ್ರಿ…”

“ತಮ್ಮ ಅಂಗಡಿಗಿ ಹೋಗ್ಯಾನೇನು?”

“ಹೋಗ್ಯಾರ್ರಿ…”

“ನಿಂದರಬ್ಯಾಡ, ನಿಂದರಬ್ಯಾಡ. ನಿನ್ನ ಹಾದಿ ನೀ ನಡಿ.”

ಆಮೇಲೆ ಅವರು ಮಾಳಿಗೆಯ ನಾಲ್ಕೂ ಮೂಲೆ ನಿಧಾನವಾಗಿ ನೋಡಿದರು. ಹಿರಿಯರು ಇರುವಾಗ ನಿಲ್ಲಿಸು ಎಂದು ಕೂಗಲು ನನಗೆ ಬಾಯಿ ಬರಲಿಲ್ಲ. ಅವರು ಮೆಟ್ಟಿಲಿಳಿದ ಸದ್ದು ಕೇಳಿದ ಮೇಲೆ ಕಲಿಸುವಾಕೆ ಯಂತ್ರ ನಿಲ್ಲಿಸಿ ಗಡಿಯಾರ ನೋಡಿದಳು.

“ಇಪ್ಪತ್ತೇಳು ನಿಮಿಷ! ಅಮ್ಮಾರ, ನಿಮ್ಮ ಭಾವನ್ನ ದಿನಾ ಕಳಸ್ರಿ.”

ಸುರಪುರದ ಅಕ್ಕಿ ಚೀಲ

ಡಾಕ್ಟರ ಗಡುವಿಗೆ ಒಂದು ವಾರ ಉಳಿದಿತ್ತು. ಸುರಪುರದಲ್ಲಿ ಸೊಸೆಯ ತವರಿನಲ್ಲಿ ತೊಟ್ಟಿಲ ಕಾರ್ಯ. ನನ್ನ ಸೊಂಟ ಆಗಲೇ ಮೂರು ಇಂಚು ಇಳಿದಿತ್ತು. ಹೊಸ ಸೀರೆ ಉಟ್ಟು, ಎಲ್ಲರೂ ಹೊಗಳುತ್ತಾರೆಂದು ಹೋದೆ.

ಬಾಗಿಲಲ್ಲೇ ಬೀಗಿತಿ, ಸೊಸೆಯ ತಾಯಿ, ಎರಡೂ ಕೈಯಿಂದ ನನ್ನ ಮುಖ ಹಿಡಿದಳು. “ಅಯ್ಯ ಶಿವನ! ಏನಾಗೇದ್ರಿ ನಿಮಗ? ಕೊಳ್ಳಾಗಿನ ಎಲುಬು ಕಾಣಾಕತ್ತಾವ!”

“ಏನೂ ಆಗಿಲ್ರಿ. ಕಸರತ್ತು ಮಾಡಾಕತ್ತೀನಿ.”

ಅದನ್ನು ನಂಬಲು ಅಲ್ಲಿ ಯಾರೂ ತಯಾರಿರಲಿಲ್ಲ. ಒಬ್ಬಾಕೆ ಹೈದರಾಬಾದಿಗೆ ಕರೆದುಕೊಂಡು ಹೋಗಿ ತೋರಿಸಿ ಎಂದಳು. ಇನ್ನೊಬ್ಬಾಕೆ ನನಗೆ ಕೇಳದೆಂದುಕೊಂಡು, ಸೊಸೆಗೆ ಕೇಳುವಂತೆ, “ಸೊಸಿ ಬಂದ ಮ್ಯಾಲ ಅತ್ತಿ ಸೊರಗಿದ್ರ ಏನ್ ತಿಳೀಬೇಕು?” ಎಂದಳು. ಬೀಗಿತಿ ಮಗಳನ್ನು ಪಕ್ಕಕ್ಕೆ ಕರೆದು, “ಹೊತ್ತಿಗಿ ಸರಿಯಾಗಿ ಅನ್ನಾ ಹಾಕ್ತೀಯೋ ಇಲ್ಲೋ?” ಎಂದು ಗದರಿದಳು. ಸೊಸೆಯ ಕಣ್ಣಲ್ಲಿ ನೀರು.

ನನಗೆ ತಡೆಯಲಿಲ್ಲ. ನನ್ನ ಬೇಳೆ ಬೇಯಿಸಿದವಳು ನಿಜ, ನನ್ನನ್ನು ಉಪವಾಸ ಕೆಡವಿದವಳಲ್ಲ. ಅಡುಗೆಯ ಚಪ್ಪರದಲ್ಲಿ ಇಪ್ಪತ್ತೈದು ಕಿಲೋದ ಅಕ್ಕಿ ಚೀಲವೊಂದು ನೆಲದ ಮೇಲಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. “ಎಲ್ಲರೂ ಈ ಕಡಿ ನೋಡ್ರಿ” ಎಂದೆ. ಮಾಸ್ತರರು ಕಲಿಸಿದಂತೆ ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಉಸಿರು ಬಿಡುತ್ತ ಚೀಲವನ್ನು ಎತ್ತಿ ಬೆಂಚಿನ ಮೇಲೆ ಇಟ್ಟೆ. ಧಪ್ ಎಂದಿತು. ಹೆಂಗಸರೆಲ್ಲ ಬಾಯಿಗೆ ಕೈ.

ಒಲೆಯ ಹಿಂದಿನಿಂದ ಅಡುಗೆಯವನು ತಲೆ ಎತ್ತಿದ. “ಏ ಯಕ್ಕಾ, ಅಲ್ಲಿ ಯಾಕ ಇಟ್ಟಿ, ಈ ಕಡಿ ತಾ. ಹೊರಗ ಟಂಟಂ ಗಾಡ್ಯಾಗ ಇನ್ನೂ ಆರು ಚೀಲ ಅದಾವ. ಹಮಾಲಿ ಎಷ್ಟು ತಗೋತಿ?”

“ಏ ನಿನ್ನ, ಅವರು ನಮ್ಮ ಬೀಗರೋ!” ಎಂದು ಬೀಗಿತಿ ಕಿರುಚಿದಳು.

ಅವನು ಸೌಟು ತಿರುವುತ್ತಲೇ ಹೇಳಿದ: “ಬೀಗರೇನ್ರಿ? ಚಲೋ ಆತು. ಹಂಗಾದ್ರ ಹಮಾಲಿ ಕೊಡೋದು ಉಳೀತು.”

ಮಾತು ಬಂದ ಮೇಲೆ ಬಿಡುವುದುಂಟೆ? ಆರರಲ್ಲಿ ಎರಡು ಚೀಲ ನಾನೇ ತಂದಿಟ್ಟೆ. ಆಮೇಲೆ ಪಂಕ್ತಿಯಲ್ಲಿ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡೆ. ಆಕೆಗೆ ಯಾರೂ ಏನೂ ಅನ್ನಲಿಲ್ಲ. ಬೀಗಿತಿ ಮಾತ್ರ ಕೈ ತೊಳೆಯುವಾಗ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ನಂದೂ ಸಕ್ಕರಿ ಹೆಚ್ಚಾಗೇದ್ರಿ. ಮಂಡಿ ಹೆಂಗ ಬಗ್ಗಿಸಿದ್ರಿ, ಇನ್ನೊಂದ್ಸಲ ತೋರಸ್ರಿ.”

ಸೆಪ್ಟೆಂಬರ್ ಎಂಟರಂದು ಯಾದಗಿರಿಯಲ್ಲಿ ಪರೀಕ್ಷೆ. ತೂಕ 62.5. ಸೊಂಟ 34. ಸಕ್ಕರೆ 5.6. “ಕಿಲೋ ಭಾಳ ಇಳಿದಿಲ್ಲ, ಆದ್ರ ಇಳೀಬೇಕಾದ್ದು ಇಳಿದದ. ಗುಳಿಗಿ ಬ್ಯಾಡ್ರಿ” ಎಂದರು ಡಾಕ್ಟರು. ಆ ಮಾತನ್ನು ಇನ್ನೊಂದು ಸಲ ಹೇಳಿಸಿ, ಅಲ್ಲೇ ಕೂತು ಬರೆದುಕೊಂಡೆ.

ಇದಕ್ಕೆಲ್ಲ ತಗುಲಿದ್ದು: ಶೂ ಒಂದು ಜೋಡಿ, ಸಾವಿರದ ನಾಲ್ಕು ನೂರು. ಎರಡು ತಿಂಗಳ ಜಿಮ್ ಫೀ, ಸಾವಿರದ ಆರು ನೂರು. ಎರಡು ಸಲ ರಕ್ತ ಪರೀಕ್ಷೆ, ಒಂಬತ್ತು ನೂರು. ಹತ್ತು ಕುಪ್ಪಸ ಬಿಗಿ ಮಾಡಿಸಿದ್ದು, ಆರು ನೂರು. ಬೀಗಿತಿ ಸುರಪುರದಿಂದ ಫೋನಿನಲ್ಲಿ ಪಾದದ ಅಳತೆ ಹೇಳಿದ ಮೇಲೆ ಕೊಂಡು ಕಳಿಸಿದ ಇನ್ನೊಂದು ಜೋಡಿ ಶೂ, ಸಾವಿರದ ನಾಲ್ಕು ನೂರು. ಒಟ್ಟು ಐದು ಸಾವಿರದ ಒಂಬತ್ತು ನೂರು ರೂಪಾಯಿ.