ದಾನಿಯ ಬರಿಗಾಲು

ನಮ್ಮ ವಸತಿರಹಿತರ ಒಳ ಉಡುಪು ವಿತರಣಾ ಸಮಿತಿಯಲ್ಲಿ ಒಳ ಉಡುಪಿಗೆ ಯಾವುದೇ ಕೊರತೆ ಇರಲಿಲ್ಲವೆಂದು ಕಾರ್ಯದರ್ಶಿಯಾದ ನಾನು ಹೆಮ್ಮೆಯಿಂದ ತಿಳಿಸಬಯಸುತ್ತೇನೆ. ಬನಿಯನ್, ಚಡ್ಡಿ, ಕಾಲುಚೀಲ ತುಂಬಿದ ರಟ್ಟಿನ ಪೆಟ್ಟಿಗೆಗಳು ಸಭಾಕೊಠಡಿಯ ಸೂರು ಮುಟ್ಟಿದ್ದವು. ಕುರ್ಚಿ ಹಾಕಲು ಜಾಗವಿಲ್ಲದೆ ನಾವು ಆ ಪೆಟ್ಟಿಗೆಗಳ ಮೇಲೆಯೇ ಕೂತು ಬಡವರ ಬಗ್ಗೆ ಚರ್ಚಿಸುತ್ತಿದ್ದೆವು. ಕೊರತೆ ಇದ್ದದ್ದು ಅರ್ಹ ಬಡವರದು.

ಕಚೇರಿಯ ಎದುರು ಕೊಡೆ ರಿಪೇರಿ ಮಾಡುವ ಅಜ್ಜ ಒಬ್ಬರಿದ್ದರು. ಫುಟ್‌ಪಾತಿನಲ್ಲೇ ಕೆಲಸ, ಅಲ್ಲೇ ನಿದ್ದೆ. ಚಳಿಗೆ ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಸಾರ್, ಒಂದು ಜೊತೆ ಕಾಲುಚೀಲ ಸಿಗುತ್ತಾ?"

"ಅದಕ್ಕೇ ಅಲ್ವಾ ಅಜ್ಜ ನಾವಿರೋದು! ನಿಮ್ಮ ಕಾಯಂ ವಿಳಾಸ ಹೇಳಿ."

"ಮನೆ ಇಲ್ಲ ಸಾರ್."

"ಅದು ನಮಗೂ ಗೊತ್ತು. ಆದ್ರೆ ಮನೆ ಇಲ್ಲ ಅನ್ನೋದನ್ನ ಪರಿಶೀಲನೆ ಮಾಡೋಕೆ ನಾವು ಯಾವ ಮನೆಗೆ ಬರಬೇಕು?"

ಅವರು ಕಿಟಕಿಯಾಚೆ ಕೈ ತೋರಿಸಿದರು. ಕಿಟಕಿಯಿಂದ ನೋಡಿ ಪರಿಶೀಲಿಸಲು ನಿಯಮದಲ್ಲಿ ಅವಕಾಶವಿಲ್ಲ.

ಆದರೂ ನಾನು ಕಲ್ಲು ಮನಸ್ಸಿನವನಲ್ಲ. ಅಧ್ಯಕ್ಷರನ್ನು ಕಾಡಿ ಬೇಡಿ, ವಿಶೇಷ ಪ್ರಕರಣವೆಂದು ಪರಿಗಣಿಸಿ, 'ಕಚೇರಿಯ ಮೆಟ್ಟಿಲ ಕೆಳಗೆ' ಎಂಬ ವಿಳಾಸವನ್ನು ಅಜ್ಜನಿಗೆ ಮಂಜೂರು ಮಾಡಿಸಿದೆ. ಅಂದು ಮನೆಯಲ್ಲಿ ಎರಡು ತುತ್ತು ಜಾಸ್ತಿಯೇ ಉಂಡೆ.

"ಕಾಲುಚೀಲ ಕೊಟ್ರಾ?" ಎಂದಳು ಹೆಂಡತಿ.

"ವಿಳಾಸ ಕೊಟ್ಟಿದ್ದೀವಿ."

ಅವಳು ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅಧ್ಯಕ್ಷರು ಕರೆಸಿದರು. "ಏನ್ರೀ ಕಾರ್ಯದರ್ಶಿಗಳೇ, ವಿಳಾಸ ಇರೋರನ್ನ ವಸತಿರಹಿತರು ಅನ್ನೋಕಾಗುತ್ತೇನ್ರೀ?"

ಆಗುವುದಿಲ್ಲ. ನಿಯಮದ ಪ್ರಕಾರ ವಿಳಾಸವುಳ್ಳವರು ದಾನಿಗಳು. ಹಾಗಾಗಿ ನಾನೇ ಕೆಳಗಿಳಿದು ಹೋಗಿ, ತಮ್ಮ ಕೈಲಾದದ್ದನ್ನು ನೀಡಬೇಕೆಂದು ಅಜ್ಜನನ್ನು ಸವಿನಯವಾಗಿ ಕೋರಿದೆ. ಅವರು ಕೊರಳಿನ ಮಫ್ಲರ್ ಬಿಚ್ಚಿ, ಕೊಡವಿ, ನೀಟಾಗಿ ಮಡಚಿ ಕೈಗಿಟ್ಟರು.

"ತಗೊಳ್ಳಿ ಸಾರ್. ಯಾರಿಗೋ ಪಾಪ, ಕಷ್ಟ ಇರಬೇಕು."

ಮಫ್ಲರ್ ಒಳ ಉಡುಪಿನ ವ್ಯಾಪ್ತಿಗೆ ಬರುವುದಿಲ್ಲವಾದರೂ ದಾನಿಯ ಮನಸ್ಸು ನೋಯಬಾರದೆಂದು ಸ್ವೀಕರಿಸಲಾಯಿತು.

ವಿತರಣಾ ಸಮಾರಂಭದಲ್ಲಿ ಅಧ್ಯಕ್ಷರು ಪ್ರಕಟಣೆ ಓದಿದರು: "ಅರ್ಹ ಫಲಾನುಭವಿಗಳು ಲಭ್ಯವಿಲ್ಲದ ಕಾರಣ, ಅವರ ಪರವಾಗಿ ಸಮಿತಿಯ ಸದಸ್ಯರೇ ಉಡುಪುಗಳನ್ನು ಸ್ವೀಕರಿಸತಕ್ಕದ್ದು. ಹಿರಿಯ ದಾನಿಗಳು ವಿತರಿಸತಕ್ಕದ್ದು."

ಹಿರಿಯ ದಾನಿಗಳು ಬರಿಗಾಲಲ್ಲಿ ವೇದಿಕೆ ಹತ್ತಿದರು. ನಾನು ಎರಡೂ ಕೈ ಒಡ್ಡಿದೆ. ದಪ್ಪ ಉಣ್ಣೆಯ ಕಾಲುಚೀಲ.

"ಸಾರ್, ಸ್ವಲ್ಪ ಬಡವರ ಥರ ಬಗ್ಗಿ," ಎಂದ ಫೋಟೋದವನು. ಬಗ್ಗಿದೆ. ಅಭ್ಯಾಸವಿತ್ತು, ಅಧ್ಯಕ್ಷರ ಮುಂದೆ ದಿನಾ ಬಗ್ಗುತ್ತೇನೆ.

"ಚಳಿ ಜೋರಾಗಿದೆ, ಹಾಕ್ಕೊಳ್ಳಿ ಸಾರ್," ಎಂದರು ಅಜ್ಜ. ಸಭಿಕರ ಕಣ್ಣು ಒದ್ದೆಯಾಯಿತು.

ಹಾಕಿಕೊಂಡಿದ್ದೇನೆ. ಬೆಚ್ಚಗಿದೆ. ಹೆಬ್ಬೆರಳಿನ ಹತ್ತಿರ ಕೊಂಚ ಬಿಗಿ ಎನ್ನಿಸಿ, ರಾತ್ರಿ ಕಚೇರಿಯ ಮೆಟ್ಟಿಲಿಳಿಯುವಾಗ ಅದನ್ನು ಕೆಳಗೆ ಮಲಗಿದ್ದ ಅಜ್ಜನ ಗಮನಕ್ಕೆ ತಂದೆ. ಅವರು ತಮ್ಮ ಕಾಲನ್ನು ಗೋಣಿಚೀಲದೊಳಗೆ ಎಳೆದುಕೊಳ್ಳುತ್ತಾ, ಮುಂದಿನ ಸಲ ದೊಡ್ಡ ಸೈಜಿನದು ಕೊಡುವುದಾಗಿ ಒಪ್ಪಿಕೊಂಡಿದ್ದಾರೆ.