ಗಾಳಿಯಾಡದ ಡಬ್ಬಿಯೊಳಗಿನ ಕೂಗುಮಾರಿ

ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಹಲಸಿನ ತೊಳೆ ಬಿಡಿಸುತ್ತಿದ್ದೆ. ಆಗ ಆಚೆಮನೆ ವನಜಕ್ಕನ ದನಿ ಬೇಲಿ ದಾಟಿ ಬಂತು.

"ಹ್ವಾಯ್! ನಿಮ್ ಟ್ಯಾಂಕಿ ತುಂಬಿ ನೀರೆಲ್ಲ ನನ್ ಹಪ್ಪಳದ್ ಮೇಲ್ ಬೀಳ್ತಾ ಇತ್ತ್! ಕಾಣ್ತಿಲ್ಯಾ?"

ಪಂಪು ಹಾಕಿದ್ದನ್ನೇ ಮರೆತಿದ್ದೆ. ಓಡಿ ಬಂದ್ ಮಾಡಿ ಹೊರಬಂದರೆ, ವನಜಕ್ಕ ಒದ್ದೆ ಹಪ್ಪಳವೊಂದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ನಿಂತಿದ್ದರು.

"ಇದ್ ಮೂರ್ನೇ ಸಲ ಹೆಣೆ. ಇನ್ನೊಂದ್ ಸಲ ಆಯ್ತಂದ್ರೆ ಶನಿವಾರ ಭಜನಿಗೆ ನಾ ನಿನ್ ಮನಿ ಮೆಟ್ಲ್ ಹತ್ತುದಿಲ್ಲ, ಕಾಣ್!"

ವನಜಕ್ಕನ ತಾಳವಿಲ್ಲದೆ ನಾನೊಬ್ಬಳೇ ಹಾಡಿದರೆ ದೇವರೂ ಗಡಿಯಾರ ನೋಡುತ್ತಾನೆ!

ಟ್ಯಾಂಕಿ ತುಂಬಿ ಹೆಚ್ಚಾದ ನೀರು ಹೊರಬೀಳುವ ಪೈಪನ್ನು ಈಚೆ ತಿರುಗಿಸೋಣವೆಂದರೆ ನೀರು ನಮ್ಮ ಅಡುಗೆಮನೆಯ ಹೆಂಚಿನ ಮೇಲೆ. ನಮ್ಮ ಮನೆಯವರು ಕೋಟದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ಟ್ರು. ಎರಡು ಭಾನುವಾರ ಬೆಸುಗೆಯ ಹೊಗೆ ಕುಡಿದು ಒಂದು ಅಲಾರಾಂ ಮಾಡಿಯೇಬಿಟ್ಟರು. ಟ್ಯಾಂಕಿಯೊಳಗೆ ಎರಡು ತಂತಿ. ನೀರು ತುಂಬಿ ತಂತಿಗೆ ತಾಗಿದರೆ ಇದು ಕೂಗಬೇಕು.

ನಾನು ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಒಂದು ಪುಟ್ಟ ಹಲಗೆಯ ಮೇಲೆ ಪಟ್ಟೆಪಟ್ಟೆಯ ಕಂಬಳಿಹುಳಗಳಂಥವು ನಾಲ್ಕು. ಮೂರು ಕಾಲಿನ ಕರಿ ಕಾಳೊಂದು. ಬಾಟಲಿ ಮುಚ್ಚಳದಷ್ಟು ದೊಡ್ಡ ಕರಿ ಬಿಲ್ಲೆಯೊಂದು.

"ಇದ್ರಲ್ ಕೂಗೂದ್ ಯಾವ್ದ್?"

"ಆ ಬಿಲ್ಲೆ. ಬಜರ್ ಅಂಬ್ರ್ ಅದಕ್ಕೆ."

"ಅದಕ್ಕೆ ಉಸ್ರ್ ಎಲ್ಲಿಂದ ಬತ್ತ್?"

"ಬ್ಯಾಟ್ರಿಯಿಂದ. ನನ್ ಕೆಲ್ಸ ಮುಗಿತ್. ಇನ್ನ್ ಒಂದ್ ಚಂದದ್ ಡಬ್ಬಿ ನೀನ್ ಹುಡ್ಕ್. ಮುಚ್ಳಕ್ಕೆ ನಾಲ್ಕ್ ತೂತ್ ಮಾಡ್. ಮರೂಕಾಗ, ನೆನ್ಪಿರ್ಲಿ."

ಹೀಗೆ ಡಬ್ಬಿ ಆಯ್ಕೆಯ ಗುರುತರ ಜವಾಬ್ದಾರಿ ನನ್ನ ಹೆಗಲೇರಿತು. ಡಬ್ಬಿಗಳ ವಿಷಯದಲ್ಲಿ ನನಗೆ ಯಾರ ಪಾಠವೂ ಬೇಡ. ಬಂಗಾರ ಇಲ್ಲದಿದ್ದರೂ ಅಟ್ಟದ ತುಂಬ ಡಬ್ಬಿ ಕೊಟ್ಟಿದ್ದಾನೆ ದೇವರು!

ಮೊದಲು ಫಳಫಳ ಹೊಳೆಯುವ ಸ್ಟೀಲ್ ಡಬ್ಬಿಯಲ್ಲಿಟ್ಟೆ. ಇಟ್ಟ ಕ್ಷಣಕ್ಕೆ ಕಿಂಯ್ಯೋ ಎಂದು ಕಿರುಚಿತು. ಓಡಿದೆ ಪಂಪು ನಿಲ್ಲಿಸಲು. ಪಂಪು ಹಾಕಿಯೇ ಇರಲಿಲ್ಲ! ಹಲಗೆಯಡಿಯ ಬೆಸುಗೆಗೆಲ್ಲ ಸ್ಟೀಲು ತಾಗಿತ್ತಂತೆ. ನನಗೆ ಶಾಕ್ ಹೊಡೆಯಲಿಲ್ಲ, ದೇವರು ದೊಡ್ಡವನು. ಆಮೇಲೆ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ. ಹಲಗೆ ಒಳಗೆ ಹೋಯಿತು, ಬ್ಯಾಟರಿ ಮಾತ್ರ ಬೆಳಗಿನ ಕುಂದಾಪುರದ ಬಸ್ಸಿನ ಕೊನೆಯ ಪ್ರಯಾಣಿಕನಂತೆ ಹೊರಗೇ ನೇತಾಡಿತು. ಇಂಗಿನ ಡಬ್ಬಿಯ ಅಳತೆ ಸರಿಯಿತ್ತು. ಆದರೆ ತೆಗೆದು ನೋಡಿದರೆ ಬಜರಿಗೆಲ್ಲ ಸಾರಿನ ಪರಿಮಳ!

ಕೊನೆಗೆ ಹೊಳೆಯಿತು: ಹಪ್ಪಳದ ಡಬ್ಬಿ! ದಪ್ಪ ಪ್ಲಾಸ್ಟಿಕ್ಕು, ಬಿಗಿ ತಿರುಪಿನ ಮುಚ್ಚಳ. ಮಳೆಗಾಲದಲ್ಲೂ ಥಂಡಿ ತಾಗಿ ಅದರೊಳಗಿನ ಹಪ್ಪಳ ಮೆತ್ತಗಾದದ್ದಿಲ್ಲ. ಅಂಥ ಡಬ್ಬಿಯ ಮುಚ್ಚಳಕ್ಕೆ ತೂತೇ? ನಮ್ಮ ಬೀಜಾಡಿಯಲ್ಲಿ, ಸಮುದ್ರದ ಉಪ್ಪುಗಾಳಿಗೆ ಬೀಗದ ಕೈಯೂ ತುಕ್ಕು ಹಿಡಿಯುವ ಊರಲ್ಲಿ, ಬುದ್ಧಿಯಿದ್ದ ಹೆಂಗಸು ಡಬ್ಬಿಯ ಮುಚ್ಚಳಕ್ಕೆ ತೂತು ಮಾಡುತ್ತಾಳೆಯೇ? ಮಾಸ್ಟ್ರಿಗೆ ವಿಜ್ಞಾನ ಗೊತ್ತು, ಥಂಡಿ ಗೊತ್ತಿಲ್ಲ!

ಬೆಳಿಗ್ಗೆ ಅವರು ಟ್ಯಾಂಕಿಯಿಂದ ಅಡುಗೆಮನೆವರೆಗೆ ತಂತಿ ಎಳೆದು, ಹಲಗೆಗೆ ಜೋಡಿಸಿ, ಬಸ್ಸು ಹಿಡಿದರು. ಉಳಿದದ್ದು ನನ್ನ ಕೈಚಳಕ. ಹಲಗೆ ಅಲುಗಾಡದಂತೆ ಹಳೇ ಹತ್ತಿ ಸೀರೆಯ ತುಂಡು ಸುತ್ತಿದೆ. ಮುಚ್ಚಳದಂಚಿನಲ್ಲಿ ತಂತಿ ಬರುವ ಸಂದಿಗೆ ಮೇಣ ಮೆತ್ತಿದೆ. ಮುಚ್ಚಳ ತಿರುಪಿ ಕುಂಕುಮ ಇಟ್ಟೆ. ಬೇಲಿಯ ಹತ್ತಿರ ಹೋಗಿ ಘೋಷಿಸಿದೆ:

"ವನಜಕ್ಕ, ಇವತ್ತ್ ಹೆದ್ರೂದ್ ಬೇಡ. ಇಪ್ಪಷ್ಟ್ ಹಪ್ಪಳನೂ ಹಾಕಿ!"

"ಸಮಾ ಹೇಳ್ತಿದ್ಯಾ ಹೆಣೆ?"

"ಮಿಷನ್ ಇತ್ತ್, ಕೂಗತ್ತ್!"

ಪಾಪ, ನಂಬಿದರು. ಮೂರು ಚಾಪೆ ಹಾಸಿದರು.

ಪಂಪು ಹಾಕಿ ಡಬ್ಬಿಯ ಮುಂದೆ ಕೂತೆ. ದೇವರಿಗೆ ಒಂದು ಮಾಲೆ ಕಟ್ಟಿ ಮುಗಿಯಿತು. ಡಬ್ಬಿ ಮೌನ. ಎರಡನೆಯದೂ ಮುಗಿಯಿತು. ಮೌನ. ನಮ್ಮ ಟ್ಯಾಂಕಿ ಇಷ್ಟು ದೊಡ್ಡದೆಂದು ಗೊತ್ತೇ ಇರಲಿಲ್ಲ ಎಂದು ಸೋಜಿಗಪಡುತ್ತಿದ್ದೆ.

ಅಷ್ಟರಲ್ಲಿ ಕೂಗು ಕೇಳಿತು. ಡಬ್ಬಿಯದಲ್ಲ. ವನಜಕ್ಕನದು!

ಪಂಪು ಆರಿಸಿ ಡಬ್ಬಿಗೆ ಕಿವಿ ಕೊಟ್ಟೆ. ಒಳಗೆಲ್ಲೋ ಸೊಳ್ಳೆಯೊಂದು ಹರಕೆ ಹೊತ್ತಂತೆ 'ಕುಂಯ್' ಎನ್ನುತ್ತಿತ್ತು. ತಂತಿಸಮೇತ ಡಬ್ಬಿ ಹಿಡಿದು ಬಾಗಿಲಿಗೆ ಬಂದು ಮುಚ್ಚಳ ತಿರುಪಿ, ಸೀರೆಯ ತುಂಡು ಬಿಚ್ಚಿದೆ. ಅದು ಬಿಟ್ಟ ಕಿರುಚಿಗೆ ತೆಂಗಿನಮರದ ಕಾಗೆಗಳೆಲ್ಲ ಎದ್ದವು!

ವನಜಕ್ಕ ಬೇಲಿಯಾಚೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಇಷ್ಟೊತ್ತ್ ಇದ್ ಎಲ್ಲಿತ್ತ್?"

"ಡಬ್ಬಿಯೊಳ್ಗ್ ಕೂಗ್ತಾ ಇತ್ತ್ ವನಜಕ್ಕ... ಥಂಡಿ ಆತ್ತಂದ್ ಗಟ್ಟಿ ಮುಚ್ಚಿದ್ದೆ."

ವನಜಕ್ಕ ನನ್ನನ್ನು ನೋಡಿದರು, ಡಬ್ಬಿಯ ಮೇಲಿನ ಕುಂಕುಮ ನೋಡಿದರು. ಬೈಯಲು ತೆರೆದ ಬಾಯಿಂದ ನಗು ಬಂತು. ಬೇಲಿ ಹಿಡಿದುಕೊಂಡು ನಕ್ಕರು. ಮೂರರಲ್ಲಿ ಒಂದು ಚಾಪೆ ದೂರವಿದ್ದು ಉಳಿದಿತ್ತು. ಅದೂ ದೇವರ ದಯೆಯೇ.

ಸಂಜೆ ನಮ್ಮ ಮನೆಯವರು ಬೇಲಿಯ ಹತ್ತಿರವೇ ವನಜಕ್ಕನಿಂದ ಕಥೆಯೆಲ್ಲ ತಿಳಿದು ಬಂದವರೇ ಕೇಳಿದರು: "ಡಬ್ಬಿಯೊಳ್ಗ್ ಥಂಡಿ ಹೋಯ್ತಾ?"

"ಇಲ್ಲ. ಒಂದ್ ಚೂರೂ ಹೋಯ್ಲಿಲ್ಲ."

"ಶಬ್ದವೂ ಹಾಂಗೇ ಹೊರ್ಗ್ ಬರ್ಲಿಲ್ಲ!" ಎಂದು ಮುಚ್ಚಳಕ್ಕೆ ತಾವೇ ನಾಲ್ಕು ತೂತು ಕೊರೆದರು.

ಈಗ ಅದು ಚೆನ್ನಾಗಿಯೇ ಕೂಗುತ್ತದೆ. ಆದರೆ ವನಜಕ್ಕನಿಗೆ ಮಿಷನ್ನಿನ ಮೇಲೆ ಭರವಸೆಯಿಲ್ಲ. ಶನಿವಾರ ತಾಳ ಹಿಡಿದು ಬಂದೇ ಬಂದರು, ಒಂದು ಷರತ್ತಿನೊಂದಿಗೆ: ಹಪ್ಪಳ ಒಣಗುವಷ್ಟು ದಿನ ಅವರ ಅಂಗಳದಲ್ಲಿ ಕಾವಲು ನಾನೇ. ಕಾಗೆಗೂ, ನಮ್ಮ ಟ್ಯಾಂಕಿಗೂ.

"ನೀನೇ ಲಾಯ್ಕ್ ಮಾರಾಯ್ತಿ. ನಿನ್ ದನಿಗೆ ಯಾವ್ ಡಬ್ಬಿಯೂ ತಡೀತಿಲ್ಲ!"

ಮರುದಿನ ತಮ್ಮ ಅಂಗಳದಲ್ಲಿ ಹೀಗೆಂದು ಕೋಲು ಕೈಗೆ ಕೊಟ್ಟು ವನಜಕ್ಕ ಒಳಗೆ ಹೋದರು. ನಾನು ತಲೆಗೆ ಸೆರಗು ಹಾಕಿಕೊಂಡು, ಒಂದು ಕಣ್ಣು ಪೈಪಿನ ಮೇಲಿಟ್ಟು, ಹಪ್ಪಳಗಳನ್ನು ಒಂದೊಂದಾಗಿ ಮಗುಚಿ ಹಾಕತೊಡಗಿದೆ.