ಅತ್ತೆ ಹಾಕಿದ ಸೊನ್ನೆ

ನಮ್ಮ ಸೋದರತ್ತೆಗೆ ದೇವರ ಮೇಲಿದ್ದ ನಂಬಿಕೆ ಪಾಸ್ಟರಾಗಲು ಓದುವ ಹುಡುಗರ ಮೇಲೆ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಕಲಘಟಗಿ ಕಡೆಯ ಒಂದು ಸಣ್ಣ ದೇವಜ್ಞಾನ ಶಾಲೆಯವರು ಇಂಥವಳನ್ನೇ ಶೀಲದ ಪಾಠ ಹೇಳಲು ನೇಮಿಸಿಕೊಂಡಿದ್ದರು. ಯಾರು ಮಾಡಿದ ಪಾಪಕ್ಕೋ ಏನೋ. ಕಾಲೇಜಿನ ರಜೆಯನ್ನು ಅವಳ ಮನೆಯಲ್ಲೇ ಕಳೆಯುತ್ತಿದ್ದ ನಾನು ಇದಕ್ಕೆಲ್ಲ ಸಾಕ್ಷಿ.

"ಶೀಲ ಪುಸ್ತಕದಾಗ ಕಾಣಂಗಿಲ್ಲ, ಬಸ್ಸಿನಾಗ ಕಾಣತೈತಿ" ಎನ್ನುತ್ತಿದ್ದಳು. ಸಂತೆಯ ದಿನ ಇಡೀ ತರಗತಿಯನ್ನು ಮಿಶ್ರಿಕೋಟಿಯ ಬಸ್ಸಿಗೆ ಹತ್ತಿಸಿ, ತಾನು ಹಿಂದೆ ನಿಂತು ನೋಡುತ್ತಿದ್ದಳು. ಬುಟ್ಟಿ ಹೊತ್ತ ಮುದುಕಿಗೆ ಜಾಗ ಬಿಡದವನ ಅಂಕ ಅಲ್ಲೇ ಹೋಯಿತು. ಒಬ್ಬ ವಾದಿಸಿದ:

"ಅಕ್ಕಾರ, ನಾ ಕಣ್ಣ ಮುಚ್ಚಿ ಪ್ರಾರ್ಥನಾ ಮಾಡಾಕತ್ತಿದ್ದೆರಿ."

"ಹೌದಪಾ, ಗೊರಕಿ ನನಗೂ ಕೇಳ್ತು."

ಆ ವರ್ಷ ಶಾಲೆಗೊಬ್ಬ ಮಾತುಗಾರ ಬಂದಿದ್ದ. ಆಡಳಿತ ಕಮಿಟಿಯ ಹಿರಿಯರೊಬ್ಬರ ಮಗ. ಸಂಶಿಯ ಚರ್ಚಿನ ಸಭೆಯಲ್ಲಿ ಅವನು ನಮ್ರತೆಯ ಬಗ್ಗೆ ಪ್ರಸಂಗ ಮಾಡಿದಾಗ ಗಂಡಸರೂ ಕಣ್ಣೊರೆಸಿಕೊಂಡರು. ಆಮೇಲೆ ಊಟ. ಊರ ಹೊರಗಿನ ಕೇರಿಯಿಂದ ಹೊಸದಾಗಿ ಸಭೆಗೆ ಬರುತ್ತಿದ್ದ ಹೆಂಗಸೊಬ್ಬಳು ಪಂಕ್ತಿಯಲ್ಲಿ ಅವನ ಬಾಜೂ ಕೂತಳು. ಅವನು ಎಲೆ ಬಿಟ್ಟು ಎದ್ದುಹೋದ. ಅತ್ತೆ ಶೀಲದಲ್ಲಿ ಸೊನ್ನೆ ಹಾಕಿದಳು.

ಕಮಿಟಿ ಕರೆಸಿತು.

"ಅಂವ ಎಲ್ಲಾ ಉತ್ತರ ಬರೋಬ್ಬರಿ ಬರದಾನ್ರಿ. ಎಲ್ಲಿ ತಪ್ಪಿದಾ?" ಪ್ರಿನ್ಸಿಪಾಲರು ಕೇಳಿದರು.

"ಪಂಕ್ತಿಯೊಳಗ ತಪ್ಪಿದಾನ್ರಿ."

"ಸೊನ್ನಿ ತಿದ್ರಿ, ಇಲ್ಲಾ ಕೆಲಸಾ ಬಿಡ್ರಿ" ಎಂದರು ಹುಡುಗನ ತಂದೆ.

"ಸೊನ್ನಿ ತಿದ್ದೂದು ಸಸಾರ ಐತ್ರಿ, ಅದರ ಎಡಕ್ಕ ಒಂದು ಅಂಕಿ ಬರದ್ರ ಮುಗೀತು. ನಿಮ್ಮ ಮಗನ್ನ ಯಾರು ತಿದ್ದವ್ರು? ನಾ ಬಿಡಂಗಿಲ್ರಿ. ನೀವ ನನ್ನ ತಗೀರಿ. ಆದ್ರ ಯಾಕ ತಗದ್ವಿ ಅನ್ನೂದನ್ನ ಖರೇ ಖರೇ ಬರೀರಿ."

ಕಮಿಟಿಯಲ್ಲಿ ಅಷ್ಟು ಜನ ಪಾಸ್ಟರ್ ಅಯ್ಯನವರಿದ್ದರು, ಒಬ್ಬರೂ ಪೆನ್ನು ಎತ್ತಲಿಲ್ಲ. ಅತ್ತೆ ಉಳಿದಳು, ಸೊನ್ನೆಯೂ ಉಳಿಯಿತು. ತಂದೆ ಮಗನನ್ನು ಬೇರೆ ಊರಿನ ಶಾಲೆಗೆ ಸೇರಿಸಲು ಹೊರಟರು.

ಅವರು ಹೊರಡುವ ಮುಂಜಾನೆ ಅತ್ತೆ ರೊಟ್ಟಿ ಬಡಿದು, ಗಂಟು ಕಟ್ಟಿ, ನನ್ನನ್ನೂ ಕರೆದುಕೊಂಡು ಬಸ್ಸಿನ ಬಳಿ ಹೋದಳು. ತಂದೆ ಮುಖ ತಿರುಗಿಸಿದರು. ಹುಡುಗ ತಲೆ ಎತ್ತಲಿಲ್ಲ. ಅತ್ತೆ ಕಿಟಕಿಯೊಳಗೆ ಕೈ ಹಾಕಿ ಗಂಟನ್ನು ಅವನ ತೊಡೆಯ ಮೇಲಿಟ್ಟಳು.

"ನಿನಗ ಸೊನ್ನಿ ಹಾಕೀನಿ ಖರೆ, ನಿನ್ನ ಕೈ ಬಿಟ್ಟಿಲ್ಲಲೇ ತಮ್ಮಾ."

ಹುಡುಗ ಗಂಟು ಬಿಚ್ಚಿ, ರೊಟ್ಟಿ ಮುರಿದು, ಅರ್ಧವನ್ನು ಕಿಟಕಿಯಿಂದ ಹೊರಗೆ ಚಾಚಿದ. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಲ್ಲೇ, ನಡುರಸ್ತೆಯಲ್ಲಿ ನಿಂತು ತಿಂದಳು.